ಬಸ್ಸಿನಲ್ಲಿ ಹೊಲಿದ ಹತ್ತು ವರ್ಷ

ಕಳೆದ ವಾರ ಕಾರನ್ನು ಸರ್ವೀಸಿಗೆ ಬಿಟ್ಟಿದ್ದೆ. ಹಾಗಾಗಿ ಎಷ್ಟೋ ವರ್ಷಗಳ ಮೇಲೆ, ರೈಲು ಸ್ಟೇಷನ್ನಿನಿಂದ ಬೆಟ್ಟದ ಮೇಲಿನ ಯೂನಿವರ್ಸಿಟಿಗೆ ಹೋಗುವ ಸಂಜೆಯ ಬಸ್ಸು ಹತ್ತಿದೆ. ನಾನೀಗ ಬರ್ಕ್ಲಿಯಲ್ಲಿ ಕೆಲಸ ಮಾಡುವವಳು. ಹಿಂದೆ ನನ್ನ ಬಾಸ್ ಆಗಿದ್ದ ಡಾಕ್ಟರ್ ಹಾರ್ಪರ್ ನಿವೃತ್ತರಾಗುತ್ತಿದ್ದಾರೆಂದು ಆ ಯೂನಿವರ್ಸಿಟಿಯಲ್ಲಿ ಒಂದು ಸಣ್ಣ ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ವರ್ಷದ ಮೊದಲ ಮಳೆ ಬಿದ್ದಿತ್ತು. ಬಾಗಿಲು ತೆರೆದಾಗಲೆಲ್ಲ ನೆಂದ ನೀಲಗಿರಿ ಎಲೆಯ ವಾಸನೆ ಒಳಗೆ ನುಗ್ಗುತ್ತಿತ್ತು. ತಿರುವಿನಲ್ಲಿ ಬಸ್ಸು ವಾಲಿದಾಗ, ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡಿದ್ದ ಹುಡುಗಿಯೊಬ್ಬಳು ಕಂಬಿ ಹಿಡಿದುಕೊಂಡೇ ಬಂದು, ಅಂಗೈಯಗಲದ ಒಂದು ಹತ್ತಿ ಬಟ್ಟೆಯ ತುಂಡನ್ನೂ ಒಂದು ಮಾರ್ಕರ್ ಪೆನ್ನನ್ನೂ ನನ್ನ ಕೈಗಿಟ್ಟಳು.

"ಯೂನಿವರ್ಸಿಟಿಗೆ ಹೊಸ ಹತ್ತು ವರ್ಷದ ಪ್ಲಾನು ಮಾಡ್ತಾ ಇದ್ದೀವಿ. ನಿಮಗೆ ಏನು ಬೇಕು ಅಂತ ಇದರ ಮೇಲೆ ಬರೀತೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಪೆನ್ನಿನ ಮುಚ್ಚಳ ತೆಗೆದೆ. ಶಾಯಿಯ ಆ ಘಾಟು, ಒದ್ದೆ ಕೋಟುಗಳ ಮುಗ್ಗಲು, ಯಾರದೋ ಊಟದ ಡಬ್ಬಿಯ ಬೆಳ್ಳುಳ್ಳಿ, ನೀಲಗಿರಿ, ಎಲ್ಲ ಒಟ್ಟಿಗೆ ಮೂಗಿಗೆ ಬಡಿಯಿತು. ಬರೆಯಲು ಕೈ ಏಳಲಿಲ್ಲ. ಹತ್ತು ವರ್ಷದ ಹಿಂದಿನ ಆ ಮಳೆಗಾಲ ನೆನಪಾಯಿತು.

ಅಮೆರಿಕದ ಈ ಭಾಗದಲ್ಲಿ ಮಳೆಗಾಲ ಬರುವುದು ಚಳಿಗಾಲದಲ್ಲಿ. ಬೇಸಿಗೆಯಿಡೀ ಬೆಟ್ಟಗಳು ಒಣಹುಲ್ಲಿನ ಬಣ್ಣಕ್ಕೆ ತಿರುಗಿ ಕಿಡಿಗಾಗಿ ಕಾದಿರುತ್ತವೆ. ನವೆಂಬರಿನಲ್ಲಿ ನಾಲ್ಕು ಹನಿ ಬಿದ್ದರೆ ಸಾಕು, ಮತ್ತೆ ಹಸಿರು. ನಾನು ಹೇಳುತ್ತಿರುವ ಮಳೆಗಾಲಕ್ಕೂ ಹಿಂದಿನ ಕೆಲವು ವರ್ಷ ನೀರಿಲ್ಲದೆ, ಜನ ಮನೆ ಮುಂದಿನ ಹುಲ್ಲು ಕಿತ್ತು ಕಲ್ಲು ಹಾಸಿಕೊಂಡಿದ್ದರು. ಆ ವರ್ಷ ಮಾತ್ರ ಆಕಾಶಕ್ಕೆ ತೂತು ಬಿದ್ದ ಹಾಗೆ ಸುರಿಯಿತು. ಫ್ರೀವೇ ಮೇಲೆ ನೀರು ನಿಂತಿತು, ಮರಗಳು ಉರುಳಿದವು, ನಮ್ಮ ಆಫೀಸಿನ ಚಾವಣಿ ಸೋರಿತು. ಹತ್ತು ವರ್ಷದ ಮುಂದಿನ ಕಟ್ಟಡಗಳ ನಕಾಶೆ ಹರಡಿಕೊಂಡಿದ್ದ ಮೇಜಿನ ಪಕ್ಕದಲ್ಲೇ ಇವತ್ತಿನ ಮಳೆಗೆ ಒಂದು ಬಕೆಟ್ಟು ಇಟ್ಟುಕೊಂಡಿದ್ದೆವು.

ನಾನು ಆ ಯೂನಿವರ್ಸಿಟಿಯ ಪ್ಲಾನಿಂಗ್ ಆಫೀಸಿನಲ್ಲಿದ್ದೆ. ಸರ್ಕಾರಿ ಯೂನಿವರ್ಸಿಟಿ, ದೊಡ್ಡ ಹೆಸರಿನದಲ್ಲ. ಹಗಲು ದುಡಿದು ಸಂಜೆ ಓದುವವರು ಬರುವ ಜಾಗ. ನಾನೂ ಅಲ್ಲಿ ಸಂಜೆ ಓದಿಯೇ ಮೇಲೆ ಬಂದವಳು. ಮಂಡ್ಯದ ಕಡೆಯಿಂದ ಮದುವೆಯಾಗಿ ಬಂದು, ಕೆಲಸ ಮಾಡುವ ಪರವಾನಗಿ ಇಲ್ಲದೆ ಅಪಾರ್ಟ್‌ಮೆಂಟಿನ ಗೋಡೆ ನೋಡಿಕೊಂಡು ಕೂತಿದ್ದೆ. ಗಂಡ ಪ್ರಕಾಶ ರೆಡ್‌ವುಡ್ ಸಿಟಿಯ ಆಫೀಸಿನಿಂದ ಸೇತುವೆ ದಾಟಿ ಬಂದು ಮಗಳನ್ನು ಎತ್ತಿಕೊಳ್ಳುತ್ತಿದ್ದ ಹಾಗೆಯೇ ನಾನು ಬೆಟ್ಟದ ಬಸ್ಸಿಗೆ ಓಡುತ್ತಿದ್ದೆ. ಡಬ್ಬಿಯ ಚಿತ್ರಾನ್ನವನ್ನು ಬಸ್ಸಿನಲ್ಲೇ ತಿಂದು, ಸಂಜೆಯ ಕ್ಲಾಸುಗಳಲ್ಲೇ ಮಾಸ್ಟರ್ಸ್ ಮುಗಿಸಿದೆ. ಪರವಾನಗಿಯೂ ಬಂದು, ಓದಿದ ಕಡೆಯೇ ಕೆಲಸ ಸಿಕ್ಕಿತು. ಊರಿನಲ್ಲಿ ನಮ್ಮಪ್ಪ ಎಲ್ಲರಿಗೂ, "ನನ್ನ ಮಗಳು ಅಮೆರಿಕದವರ ಭವಿಷ್ಯ ಬರೀತಾಳೆ" ಎಂದು ಹೇಳಿಕೊಂಡು ತಿರುಗುತ್ತಿದ್ದರು. ಜ್ಯೋತಿಷ್ಯವೆಂದು ತಿಳಿದು ಕೆಲವರು ಜಾತಕ ಕಳಿಸಿದ್ದೂ ಉಂಟು.

ಆ ವರ್ಷ ಯೂನಿವರ್ಸಿಟಿಗೆ ಹೊಸ ಅಧ್ಯಕ್ಷರು ಬಂದು ಹತ್ತು ವರ್ಷದ ಪ್ಲಾನು ಬೇಕೆಂದರು. ಯಾವ ವಿಭಾಗ ಬೆಳೆಯಬೇಕು, ಯಾವುದು ಮುಚ್ಚಬೇಕು, ಎಲ್ಲಿ ಕಟ್ಟಡ ಏಳಬೇಕು, ಯಾರಿಗಾಗಿ ಎಂಬುದೆಲ್ಲ ಅದರಲ್ಲಿ ಬರಬೇಕು. ಸಮಿತಿಗೆ ಹಾರ್ಪರ್ ಮುಖ್ಯಸ್ಥೆ, ನಾನು ಓಡಾಡುವವಳು. ಅದೇ ಚಳಿಗಾಲದಲ್ಲಿ ಧಾರವಾಡದಿಂದ ನಮ್ಮತ್ತೆ ಆರು ತಿಂಗಳಿಗೆಂದು ಬಂದಿದ್ದರು. ಬರುವಾಗ ಹಳೆಯ ಸೀರೆ, ಪಂಚೆಗಳ ತುಂಡುಗಳನ್ನು ಒಂದು ಗಂಟು ಕಟ್ಟಿ ತಂದಿದ್ದರು, ಮೊಮ್ಮಗಳು ಹೊದೆಯಲು ಒಂದು ಕೌದಿ ಹೊಲಿಯುವುದಕ್ಕೆ. ಮಳೆಗೆ ಹೊರಗೆ ಹೋಗುವಂತಿಲ್ಲ. ಕಿಟಕಿಯ ಪಕ್ಕ ಕೂತು ತುಂಡಿಗೆ ತುಂಡು ಜೋಡಿಸುತ್ತಿದ್ದರು. ನಾನು ನಕಾಶೆ ಹಿಡಿದು ಮನೆಗೆ ಬಂದರೆ ನಗು.

"ನಾಳಿಗೆ ಏನ್ ಸಾರು ಮಾಡ್ತೀಯಂದ್ರ ಗೊತ್ತಿಲ್ಲಂತಿ. ಹತ್ತ ವರ್ಷದ್ದು ಈಗ ಬರೀತೀಯೇನ? ಕೂಸು ಹುಟ್ಟೂದಕ್ಕಿಂತ ಮದ್ಲ ಕುಲಾವಿ ಹೊಲದ್ರಂತ!"

"ಕುಲಾವಿ ಹೊಲಿಯೋದಕ್ಕೇ ನಂಗೆ ಸಂಬಳ ಕೊಡೋದು ಅತ್ತೆ" ಎನ್ನುತ್ತಿದ್ದೆ.

ಪ್ಲಾನು ಮಾಡುವುದಕ್ಕೂ ಒಂದು ಶಾಸ್ತ್ರವಿದೆ. ಮೊದಲು ಎಲ್ಲರನ್ನೂ ಕೇಳಬೇಕು. ನಾವು ಸಭೆಗಳನ್ನು ಕರೆದೆವು. ಗೋಡೆಗೆ ದೊಡ್ಡ ಹಾಳೆಗಳು, ಅವುಗಳ ಮೇಲೆ ಒಂದೊಂದು ಆಸೆ: ಹೊಸ ಪ್ರಯೋಗಾಲಯ, ಹಾಸ್ಟೆಲ್ಲು, ಸಂಜೆಯ ಕ್ಲಾಸು, ಕ್ರೀಡಾಂಗಣ. ಬಂದವರಿಗೆಲ್ಲ ಹಸಿರು ಚುಕ್ಕಿಗಳು. ತಮಗೆ ಮುಖ್ಯವೆನಿಸಿದ್ದಕ್ಕೆ ಅಂಟಿಸಬೇಕು. ಹೆಚ್ಚಿನ ಸಭೆಗಳು ಮಧ್ಯಾಹ್ನ ಹನ್ನೆರಡಕ್ಕೆ, ಬಂದವರಿಗೆ ಪಿಜ್ಜಾ ಪುಕ್ಕಟೆ. ಪ್ರಯೋಗಾಲಯದ ಹಾಳೆ ಹಸಿರಾಗಿ ಹೋಯಿತು. ಸಂಜೆಯ ಕ್ಲಾಸಿನ ಹಾಳೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕಿ. ಕರಡು ತಯಾರಾದಾಗ ಅದರಲ್ಲಿ ಒಂದು ಪ್ಯಾರಾ ಬಂತು: ಬೇಡಿಕೆ ಕಡಿಮೆ ಇರುವುದರಿಂದ ಸಂಜೆಯ ತರಗತಿಗಳನ್ನು ಹಂತ ಹಂತವಾಗಿ ನಿಲ್ಲಿಸಿ, ಹಗಲಿಗೂ ಆನ್‌ಲೈನಿಗೂ ಸೇರಿಸಲಾಗುವುದು. ಅದನ್ನು ಎರಡೆರಡು ಸಲ ಓದಿದೆ. ಆದರೆ ಬೇಡಿಕೆ ಇಲ್ಲವೆಂದು ಗೋಡೆಯೇ ಹೇಳುತ್ತಿದ್ದಾಗ ನಾನು ಏನನ್ನಲಿ?

ಆ ಭಾನುವಾರ ಅತ್ತೆಯನ್ನು ಲಿವರ್‌ಮೋರ್ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆವು. ಪೂಜೆ ಮುಗಿಸಿ ಪುಳಿಯೋಗರೆಯ ಸಾಲಿನಲ್ಲಿ ನಿಂತಿದ್ದಾಗ ಸುಧಾಮಣಿ ಸಿಕ್ಕಳು. ಹಾಸನದವಳು. ಡೇಕೇರಿನಲ್ಲಿ ಸಹಾಯಕಿಯಾಗಿ ಮಕ್ಕಳನ್ನು ನೋಡಿಕೊಳ್ಳುತ್ತ, ಸಂಜೆ ನಮ್ಮ ಬೆಟ್ಟದ ಮೇಲೆ ಶಿಶುಶಿಕ್ಷಣದ ಡಿಗ್ರಿ ಓದುತ್ತಿದ್ದಳು. ಡಿಗ್ರಿಯಾದರೆ ತಾನೇ ಡೇಕೇರು ನಡೆಸಬಹುದು, ಇಲ್ಲದಿದ್ದರೆ ಜೀವನವಿಡೀ ಸಹಾಯಕಿಯೇ. ಇನ್ನು ಎರಡು ವರ್ಷದ ಓದು ಬಾಕಿ ಇತ್ತು.

"ಅಕ್ಕಾ, ಸಂಜೆ ಕ್ಲಾಸೆಲ್ಲ ಎತ್ತಿಬಿಡ್ತಾರಂತೆ, ಹೌದಾ?" ಎಂದಳು.

"ಇನ್ನೂ ಕರಡು ಕಣೆ. ಎಲ್ಲರನ್ನೂ ಕೇಳಿದ್ವಿ, ಬೇಡಿಕೆ ಕಮ್ಮಿ ಅಂತ ಬಂತು."

"ಎಲ್ಲರನ್ನೂ ಅಂದ್ರೆ? ನನ್ನ ಯಾರು ಕೇಳಿದ್ರು?"

"ಮೀಟಿಂಗು ಇಟ್ಟಿದ್ವಲ್ಲ. ಈಮೇಲು ಬಂದಿಲ್ವಾ ನಿಂಗೆ?"

"ಬಂದಿತ್ತು. ಮಧ್ಯಾಹ್ನ ಹನ್ನೆರಡಕ್ಕೆ. ಆ ಹೊತ್ನಲ್ಲಿ ನಾನು ಮಕ್ಕಳಿಗೆ ಊಟ ಮಾಡಿಸ್ತಾ ಇರ್ತೀನಿ ಕಣಕ್ಕ. ಒಂದು ತಿನ್ನುತ್ತೆ, ಇನ್ನೊಂದು ಉಗಿಯುತ್ತೆ. ಬಿಟ್ಟು ಬಂದು ನಿಮ್ಮ ಪಿಜ್ಜಾ ತಿನ್ಲಾ?"

ಅವಳು ನಗುತ್ತಲೇ ಹೇಳಿದ್ದು. ಕಣ್ಣು ಮಾತ್ರ ತುಂಬಿತ್ತು. ಸಂಜೆ ಓದುವವರಿಗೆ ಏನು ಬೇಕೆಂದು ತಿಳಿಯಲು ಮಧ್ಯಾಹ್ನ ಸಭೆ ಕರೆದ ಜಾಣರು ನಾವು! ಸಮಿತಿಯಲ್ಲಿ ಎಷ್ಟು ಜನ ಪಿಎಚ್‌ಡಿಗಳಿದ್ದರೋ, ಒಬ್ಬರಿಗೂ ಇದು ಹೊಳೆದಿರಲಿಲ್ಲ.

ಸೋಮವಾರ ಹಾರ್ಪರ್ ಅವರ ಕೋಣೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಉದ್ದನೆಯ, ಒಣ ಮಾತಿನ ಹೆಂಗಸು. ಸಿಟ್ಟು ಬಂದರೂ ದನಿ ಏರದು.

"ಸಂಜೆಯೂ ಒಂದು ಸಭೆ ಇಟ್ಟಿದ್ದೆವಲ್ಲ, ಆರೂವರೆಗೆ? ಒಬ್ಬರೂ ಬರಲಿಲ್ಲ."

"ಆರೂವರೆಗೆ ಅವರು ಕ್ಲಾಸಿನಲ್ಲಿರ್ತಾರೆ ಡಾಕ್ಟರ್ ಹಾರ್ಪರ್."

ಅವರು ಕನ್ನಡಕ ತೆಗೆದು ಒರೆಸಿದರು. "ಹಾಗಾದರೆ ಅವರು ಯಾವಾಗ ಬಿಡುವಾಗಿರ್ತಾರೆ?"

ಆ ಪ್ರಶ್ನೆಗೆ ಉತ್ತರ ನನ್ನ ಕಾಲುಗಳಿಗೇ ಗೊತ್ತಿತ್ತು. ಕೆಲಸ ಮುಗಿಸಿ ಕ್ಲಾಸಿಗೆ ಹೋಗುವವರು ಸುಮ್ಮನೆ ನಿಲ್ಲುವುದು ಒಂದೇ ಕಡೆ, ಬೆಟ್ಟ ಹತ್ತುವ ಬಸ್ಸಿನಲ್ಲಿ. "ಬಸ್ಸಿನಲ್ಲೇ ಸಭೆ ಮಾಡ್ತೀನಿ" ಎಂದೆ. ಅವರು ಕ್ಯಾಲೆಂಡರು ನೋಡಿದರು. ಕರಡು ಅಧ್ಯಕ್ಷರಿಗೆ ಹೋಗುವ ಮುಂಚೆ ಸಮಿತಿ ಇನ್ನೊಂದೇ ಸಲ ಸೇರುವುದಿತ್ತು. "ಎರಡು ವಾರ" ಎಂದರು. "ಅಷ್ಟರೊಳಗೆ ಏನು ತರ್ತೀರೋ ತನ್ನಿ. ನಾನು ಮೇಜಿನ ಮೇಲೆ ಇಡ್ತೀನಿ. ಗೆಲ್ಲಿಸ್ತೀನಿ ಅಂತ ಮಾತು ಕೊಡಲ್ಲ."

ಮೊದಲ ದಿನವೇ ಮುಗ್ಗರಿಸಿದೆ. ಬಸ್ಸಿನಲ್ಲಿ ಗೋಡೆ ಎಲ್ಲಿಂದ ಬರಬೇಕು? ಕಿಟಕಿಗೆ ಹಾಳೆ ಹಚ್ಚಿದೆ. ಮಳೆಯ ತಂಪಿಗೂ ಜನರ ಉಸಿರಿಗೂ ಗಾಜು ಬೆವರಿ ಹಾಳೆ ಒದ್ದೆಯಾಗಿ ಜಾರಿತು. ಹಸಿರು ಚುಕ್ಕಿಗಳು ಜನರ ಬೂಟಿಗೆ, ಬ್ಯಾಗಿಗೆ ಅಂಟಿಕೊಂಡು ಇಳಿದುಹೋದವು. ಡ್ರೈವರು, ರೇ ಅಂತ ಅವನ ಹೆಸರು, ಕನ್ನಡಿಯಲ್ಲಿ ನೋಡಿ, "ನಿಮ್ಮ ಹತ್ತು ವರ್ಷ ನೆಲದ ಮೇಲೆ ಬಿದ್ದಿದೆ ಮೇಡಂ" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು.

ಮನೆಗೆ ಬಂದು ಒದ್ದೆ ಹಾಳೆಗಳನ್ನು ಸೋಫಾದ ಮೇಲೆ ಎಸೆದೆ. ಅತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದರು. ಎಲ್ಲ ಕೇಳಿಸಿಕೊಂಡು ಹೇಳಿದರು:

"ಕಾಗದ ನೀರಾಗ ನಿಲ್ಲೂದಿಲ್ಲವಾ. ಅರಿವಿ ಮ್ಯಾಲ ಬರಸು. ನನ್ನ ಹತ್ರ ಬಟ್ಟೀ ಗಂಟೇ ಐತಲ್ಲ. ಒಬ್ಬೊಬ್ಬರಿಗೆ ಒಂದೊಂದ್ ತುಂಡು ಕೊಡು, ನಾ ಹೊಲೀತೀನಿ."

ಎರಡನೇ ಕ್ಲಾಸಿನಲ್ಲಿದ್ದ ಮಗಳು ಅನಘಾ ತಲೆಯೆತ್ತಿ, "ಅಜ್ಜಿ, ದಟ್ಸ್ ನಾಟ್ ಹೌ ಮೀಟಿಂಗ್ಸ್ ವರ್ಕ್" ಎಂದಳು.

"ಏನಂತಾಳಿಕಿ?"

"ಮೀಟಿಂಗು ಹಾಗೆ ನಡೆಯಲ್ಲವಂತೆ ಅತ್ತೆ."

"ಹ್ಯಾಂಗ ನಡೀತೈತಿ ಅನ್ನೂದನ್ನ ನೋಡೀನಲ್ಲ ಈಗ" ಎಂದು ಒದ್ದೆ ಹಾಳೆಗಳ ಕಡೆ ಗದ್ದ ತೋರಿಸಿದರು.

ಮಾರನೆಯ ದಿನದಿಂದ ಅತ್ತೆಯೂ ನನ್ನ ಜೊತೆ ಹೊರಟರು. ಬೇಡವೆಂದರೆ ಕೇಳುವ ಜೀವವಲ್ಲ. ಸೀರೆಯ ಮೇಲೆ ಪ್ರಕಾಶನ ಕೋಟು, ಕಾಲಿಗೆ ಸಾಕ್ಸು, ತಲೆಗೆ ಉಲನ್ ಟೋಪಿ. ಡ್ರೈವರ ಹಿಂದಿನ ಸೀಟು ಅವರಿಗೆ ಖಾಯಂ ಆಯಿತು. ನಾನು ಸ್ಟೇಷನ್ನಿನಲ್ಲಿ ಬಸ್ಸು ಹತ್ತುವವರಿಗೆಲ್ಲ ತುಂಡು, ಪೆನ್ನು ಕೊಡುತ್ತಿದ್ದೆ. ಏನು ಬೇಕು, ಯಾವ ಹೊತ್ತಿಗೆ ಬರಬಲ್ಲಿರಿ, ಇಷ್ಟೇ ಪ್ರಶ್ನೆ. ಜನ ಒಬ್ಬರ ಬೆನ್ನಿನ ಮೇಲೆ ಇನ್ನೊಬ್ಬರು ಬಟ್ಟೆ ಇಟ್ಟು ಬರೆದರು. ಬಸ್ಸು ಕುಲುಕಿದಾಗ ಅಕ್ಷರ ಸೊಟ್ಟಗಾದವು. ಬರೆದ ತುಂಡುಗಳನ್ನು ಕೈಯಿಂದ ಕೈಗೆ ದಾಟಿಸಿ ಮುಂದೆ ಕಳಿಸಿದರೆ ಅತ್ತೆ ಹೊಲಿಯಲು ಶುರು. ಸುಧಾಮಣಿ ಬಸ್ಸಿನಲ್ಲಿದ್ದ ದಿನ ಅವರ ಪಕ್ಕ ನಿಂತು ಒಂದೊಂದನ್ನೇ ಕನ್ನಡದಲ್ಲಿ ಓದಿ ಹೇಳುತ್ತಿದ್ದಳು.

"ಇದು ಆಸ್ಪತ್ರೇಲಿ ಕೆಲ್ಸ ಮಾಡೋರ್ದು ಅಮ್ಮ. ನರ್ಸ್ ಆಗ್ಬೇಕಂತೆ. ಹಗಲು ಡ್ಯೂಟಿ ಬಿಡಕ್ಕಾಗಲ್ಲ ಅಂತ ಬರ್ದಿದಾರೆ. ಇದು ಗೋಡೌನ್‌ನಲ್ಲಿ ಪೆಟ್ಟಿಗೆ ಎತ್ತೋರ್ದು. ಮಗಳು ಇದೇ ಕಾಲೇಜಿಗೆ ಬೆಳಿಗ್ಗೆ ಬರ್ತಾಳಂತೆ, ಇವರು ಸಂಜೆ. ಇಬ್ಬರದೂ ಒಂದೇ ಪುಸ್ತಕ."

"ಅಪ್ಪ ಮಗಳು ಕೂಡಿ ಕಲೀತಾರೇನ! ಛಲೋ ಆತು. ಅದನ್ನ ನಡುವ ಹಚ್ಚತೇನಿ" ಎಂದು ಅತ್ತೆ ಆ ತುಂಡನ್ನು ಕೌದಿಯ ನಟ್ಟನಡುವೆ ಇಟ್ಟರು.

ಮೂರು ನಾಲ್ಕು ದಿನ ಕಳೆಯುವಷ್ಟರಲ್ಲಿ ಜನ ನನ್ನನ್ನಲ್ಲ, ಅತ್ತೆಯನ್ನು ಹುಡುಕಿಕೊಂಡು ಹತ್ತುತ್ತಿದ್ದರು. ತಮ್ಮ ತುಂಡು ಎಲ್ಲಿದೆಯೆಂದು ಬೆರಳಿಟ್ಟು ನೋಡುವರು. ಇಂಗ್ಲಿಷ್ ಬಾರದ ಅತ್ತೆ "ಹಿಯರ್, ಹಿಯರ್" ಎಂದು ತೋರಿಸುವರು. ಯಾರೋ ಕಿತ್ತಳೆ ತಂದುಕೊಟ್ಟರು, ಯಾರೋ ದಾರದ ಉಂಡೆ. ಗಾಳಿ ಮಳೆಗೆ ಮರ ಬಿದ್ದು ದಾರಿ ನಿಂತ ಒಂದು ಸಂಜೆ, ಬಸ್ಸು ಅರ್ಧ ಬೆಟ್ಟದಲ್ಲಿ ನಿಂತಿದ್ದಾಗ, ನಿಂತಿದ್ದವರೆಲ್ಲ ಕೌದಿಯ ಒಂದೊಂದು ತುದಿ ಹಿಡಿದುಕೊಂಡರು. ಅತ್ತೆ ನಡುವಿನ ಹೊಲಿಗೆ ಮುಗಿಸಿದರು. ಅಂಥ ಸಭೆಯನ್ನು ನಾನು ಆಮೇಲೆ ಎಲ್ಲಿಯೂ ನಡೆಸಿಲ್ಲ.

ಸಮಿತಿ ಸೇರಿದ ದಿನ ಕೌದಿಯನ್ನು ಮಡಚಿ ಎದೆಗೊತ್ತಿಕೊಂಡು ಒಳಗೆ ಹೋದೆ. ಮೇಜಿನ ಮೇಲೆ ಹರಡಿದೆ. ಎರಡೂ ಬದಿಗೆ ಇಳಿಬಿತ್ತು. ಕೆಂಪು ಇಳಕಲ್ ಸೆರಗು, ಮಾವನವರ ಬಿಳಿ ಪಂಚೆ, ಅವುಗಳ ಮೇಲೆ ಸೊಟ್ಟ ಸೊಟ್ಟ ಇಂಗ್ಲಿಷು, ಸ್ಪ್ಯಾನಿಷು, ಒಂದಿಷ್ಟು ಚೀನಿ. ಹಣಕಾಸು ನೋಡಿಕೊಳ್ಳುತ್ತಿದ್ದ ವಿಟ್ಮನ್ ಗಂಟಲು ಸರಿಮಾಡಿಕೊಂಡರು.

"ತುಂಬಾ ಚೆನ್ನಾಗಿದೆ. ಮನಸ್ಸಿಗೆ ತಟ್ಟುತ್ತೆ. ಆದರೆ ಇದು ಡಾಟಾ ಅಲ್ಲ."

ನನ್ನ ಮಂಡ್ಯದ ನಾಲಿಗೆ ಕೇಳಬೇಕಲ್ಲ.

"ನಿಮ್ಮ ಡಾಟಾದಲ್ಲಿ ಇರೋರು ಮಧ್ಯಾಹ್ನ ಪಿಜ್ಜಾಕ್ಕೆ ಬಂದವರು. ಇದರಲ್ಲಿ ಇರೋರು ಆ ಹೊತ್ತಿನಲ್ಲಿ ಕೆಲಸದಲ್ಲಿದ್ದವರು. ಬಾಗಿಲು ಹಾಕಿಕೊಂಡು ಯಾರೂ ಬರಲಿಲ್ಲ ಅಂದರೆ ಅದು ಬೇಡಿಕೆ ಇಲ್ಲ ಅಂತ ಅರ್ಥವಾ? ನಾನು ಈ ಕೋಣೆಗೆ ಬಂದಿದ್ದು ಅದೇ ಬಸ್ಸಿನಲ್ಲಿ. ಸಂಜೆ ಕ್ಲಾಸು ಇಲ್ಲದಿದ್ದರೆ ಇವತ್ತು ನಿಮ್ಮ ಎದುರು ನಿಂತು ಜಗಳ ಆಡೋಕೆ ನಾನೇ ಇರ್ತಿರಲಿಲ್ಲ."

ವಿಟ್ಮನ್ ಕೆಂಪಾದರು. ಹಾರ್ಪರ್ ಮಾತ್ರ ಬಗ್ಗಿ ತುಂಡುಗಳನ್ನು ಓದುತ್ತಲೇ ಇದ್ದರು. ನಡುವಿನ ತುಂಡಿಗೆ ಬಂದಾಗ, ಆ ಅಪ್ಪ ಮಗಳ ತುಂಡಿಗೆ, ನಿಂತರು. ಆಮೇಲೆ ಗಡಿಯಾರ ನೋಡಿ, ಎಂದಿನ ಒಣ ದನಿಯಲ್ಲೇ, "ಕೋಟು ಹಾಕಿಕೊಳ್ಳಿ. ಮುಂದಿನ ಬಸ್ಸಿಗೆ ಕೆಳಗೆ ಹೋಗಿ ಅದರಲ್ಲೇ ಮೇಲೆ ಬರೋಣ. ಆಮೇಲೆ ವೋಟು" ಎಂದರು.

ಇಳಿಯುವಾಗ ಬಸ್ಸು ಖಾಲಿ. ಹತ್ತುವಾಗ ಕಾಲಿಡಲು ಜಾಗವಿಲ್ಲ. ಮಳೆಯಲ್ಲಿ ಸಾಲು ಸ್ಟೇಷನ್ನಿನ ಕಂಬಗಳ ತನಕ ಹೋಗಿತ್ತು. ರೇ ಬಾಗಿಲು ಹಾಕುವಾಗ ಒಂದಷ್ಟು ಜನ ಹೊರಗೇ ಉಳಿದರು. ವಿಟ್ಮನ್ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಯಾರದೋ ಅಪರಿಚಿತರ ಬ್ಯಾಗು ಹಿಡಿದು ನಿಂತಿದ್ದರು, ಬೂಟಿನಿಂದ ನೀರು ಇಳಿಯುತ್ತಿತ್ತು. ಡ್ರೈವರ ಹಿಂದಿನ ಸೀಟಿನಲ್ಲಿ ಎಂದಿನಂತೆ ಅತ್ತೆ. ಆ ದಿನ ಪ್ರಕಾಶ ಅವರನ್ನು ಸ್ಟೇಷನ್ನಿಗೆ ಬಿಟ್ಟಿದ್ದ. ಅತ್ತೆ ವಿಟ್ಮನ್‌ರನ್ನು ಮೇಲಿಂದ ಕೆಳಗೆ ನೋಡಿ ನನ್ನನ್ನು ಕೇಳಿದರು:

"ಇಂವಾ ಯಾಂವ? ಹೊಸಾ ವಿದ್ಯಾರ್ಥಿ ಏನ?"

"ನಮ್ಮ ದೊಡ್ಡ ಸಾಹೇಬರು ಅತ್ತೆ."

"ಹಂಗಾರ ಒಂದು ತುಂಡು ಕೊಡು. ಬರೀಲಿ."

ಕೊಟ್ಟೆ. ವಿಟ್ಮನ್ ಬ್ಯಾಗನ್ನು ತೋಳಿಗೆ ಹಾಕಿಕೊಂಡು, ಮುಂದಿದ್ದವರ ಬೆನ್ನಿನ ಮೇಲೆ ಬಟ್ಟೆ ಇಟ್ಟು, ಯೋಚಿಸಿ, ಬರೆದರು: ಇನ್ನೊಂದು ಬಸ್ಸು ಬೇಕು.

ಮೇಲೆ ಬಂದು ವೋಟು ಹಾಕಿ, ಸಮಿತಿಯವರು ಕರಡಿನ ಆ ಪ್ಯಾರಾ ಹೊಡೆದುಹಾಕಿದರು. ಅದರ ಜಾಗದಲ್ಲಿ ಹೊಸ ಪ್ಯಾರಾ ಬರೆಯಲು ನನಗೇ ಹೇಳಿದರು. ಸಂಜೆಯ ತರಗತಿಗಳನ್ನು ಮುಂದುವರಿಸುವ ಬಗ್ಗೆ ಪರಿಶೀಲಿಸಲಾಗುವುದು ಎಂದು ಸಮಿತಿಯವರೊಬ್ಬರು ತಿದ್ದಿದರು. ನಮ್ಮೂರಿನ ತಾಲ್ಲೂಕು ಕಚೇರಿ ನೋಡಿ ಬೆಳೆದವಳು ನಾನು, ಪರಿಶೀಲನೆ ಎಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅದನ್ನು ತೆಗೆಸಿ, ನಡೆಸಲಾಗುವುದು ಎಂದೇ ಇರಿಸಿದೆ. ಮಾರ್ಚಿನಲ್ಲಿ ಮಳೆ ನಿಂತು ಬೆಟ್ಟವೆಲ್ಲ ಹಳದಿ ಸಾಸಿವೆ ಹೂವಾದಾಗ ಪ್ಲಾನು ಒಪ್ಪಿಗೆಯಾಗಿ ಬಂತು. ಸುಧಾಮಣಿಗೆ ಬಸ್ಸಿನಲ್ಲೇ ಓದಿ ಹೇಳಿದೆ. ಅವಳು ನನ್ನನ್ನು ಬಿಟ್ಟು ಅತ್ತೆಯನ್ನು ತಬ್ಬಿಕೊಂಡು ಅತ್ತಳು. ಎರಡು ವರ್ಷಕ್ಕೆ ಡಿಗ್ರಿ ಮುಗಿಸಿದಳು, ಈಗ ಅವಳದೇ ಡೇಕೇರು. ನನ್ನ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ ನಾನು ಇಂದಿಗೂ ಮೊದಲು ಹೇಳುವುದು ಆ ಒಂದು ಪ್ಯಾರಾದ ವಿಷಯ. ಹೆಮ್ಮೆಯೇ, ಮುಚ್ಚಿಡುವುದೇನಿದೆ.

ಕೌದಿಯನ್ನು ಹಾರ್ಪರ್ ಕೇಳಿ ಇಟ್ಟುಕೊಂಡರು. ಅನಘಾಗೆ ಕೌದಿಯಿಲ್ಲದೆ ಹೋಯಿತೆಂದು ಅತ್ತೆ ಊರಿಗೆ ಹೋದ ಮೇಲೆ ಇನ್ನೊಂದು ಹೊಲಿದು ಕಳಿಸಿದರು.

ಕಳೆದ ವಾರದ ಬಸ್ಸು ಕೊನೆಯ ತಿರುವು ಹತ್ತುತ್ತಿತ್ತು. ಐಡಿ ಕಾರ್ಡಿನ ಹುಡುಗಿ ತುಂಡುಗಳನ್ನು ವಾಪಸು ಪಡೆಯುತ್ತ ಬಂದಳು. ನನ್ನದಿನ್ನೂ ಖಾಲಿ.

"ಈಗ ಎಲ್ಲ ಫೋನಿನಲ್ಲೇ ಕೇಳ್ತಾರಲ್ಲ. ನೀವ್ಯಾಕೆ ಬಟ್ಟೆ ಮೇಲೆ ಬರೆಸ್ತೀರಿ?" ಎಂದೆ.

ಅವಳು ಭುಜ ಕುಣಿಸಿದಳು. "ನಿಜ ಹೇಳಬೇಕೆಂದರೆ ಗೊತ್ತಿಲ್ಲ, ನಾನು ಹೊಸಬಳು. ಇಲ್ಲಿ ಯಾವಾಗಲೂ ಹೀಗೇ ಮಾಡೋದಂತೆ. ಮೊದಲು ಬಸ್ಸು, ಆಮೇಲೆ ಉಳಿದ ಮೀಟಿಂಗು."

ಎಲ್ಲ ಹೇಳಿಬಿಡಬೇಕೆನಿಸಿತು. ಆದರೆ ಇದನ್ನು ಮೊದಲು ಕೇಳಬೇಕಾದವರು ಬೇರೆಯಿದ್ದರು. ಖಾಲಿ ತುಂಡಿನ ಫೋಟೋ ತೆಗೆದು, ಎರಡು ಸಾಲು ಬರೆದು ಅತ್ತೆಗೆ ಕಳಿಸಿದೆ. ಧಾರವಾಡದಲ್ಲಿ ಬೆಳಗಾಗಿತ್ತು. ಬಸ್ಸು ನಿಲ್ಲುವಷ್ಟರಲ್ಲಿ ಅವರ ದನಿ ಫೋನಿನಲ್ಲಿ ಬಂತು. ವಯಸ್ಸಾಗಿದೆ, ದನಿ ಸ್ವಲ್ಪ ಒಡೆದಿದೆ, ಜೋರು ಮಾತ್ರ ಹಾಗೇ ಇದೆ.

"ಹೌದೇನವಾ! ಇನ್ನೂ ಬಿಟ್ಟಿಲ್ಲಲ್ಲ! ಆದ್ರ ಆ ಹುಡುಗಿಗೆ ಒಂದ್ ಮಾತು ಹೇಳು. ಅಂಚು ಮಡಚಿ ಹೊಲೀರಿ ಅನ್ನು. ಇಲ್ಲಾಂದ್ರ ಹತ್ತ ವರ್ಷ ಬಾಳಂಗಿಲ್ಲ."

ನಾನು ಅದನ್ನು ಆ ಹುಡುಗಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಗಂಭೀರವಾಗಿ ತಲೆಯಾಡಿಸಿ, ನನ್ನ ಕೈಯಲ್ಲಿದ್ದ ತುಂಡನ್ನು ತೆಗೆದುಕೊಂಡು ಅದರ ಮೇಲೇ ಬರೆದುಕೊಂಡಳು.